ದುಃಖದ ಫಲ: ಗಂಗಾಮೂಲದ ಪಂಡಿತೆ ರಮಾಬಾಯಿ



ದುಃಖ ಕಾಣದ ಮನೆಯಿಲ್ಲ. ದುಃಖವನ್ನು ಕುರಿತು ಚಿಂತಿಸದ ಮತವೂ ಇಲ್ಲ. ಕಷ್ಟವು ಏಕೆ ಬರುತ್ತದೆಂಬ ಪ್ರಶ್ನೆಗೆ ಪೂರ್ವಕರ್ಮದ ಫಲವೆಂದು ಕೆಲವರೂ, ದೈವವು ಒಡ್ಡುವ ಪರೀಕ್ಷೆಯೆಂದು ಕೆಲವರೂ, ಲೋಕದ ಸ್ವಭಾವವೇ ಹೀಗೆಂದು ಮತ್ತೆ ಕೆಲವರೂ ಉತ್ತರ ಹೇಳುತ್ತ ಬಂದಿದ್ದಾರೆ. ಆದರೆ ಕಷ್ಟದಲ್ಲಿ ಮುಳುಗಿದವನಿಗೆ ಅದು ಏಕೆ ಬಂದಿತೆಂಬುದಕ್ಕಿಂತ, ಬಂದುದನ್ನು ಏನು ಮಾಡಬೇಕೆಂಬುದೇ ಹತ್ತಿರದ ಪ್ರಶ್ನೆ. ಈ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಡುವ ಉತ್ತರವೇನು, ಆ ಉತ್ತರವು ಒಂದು ಜೀವದಲ್ಲಿ ಹೇಗೆ ಫಲಿಸಿತು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಲಿಂಗವಂತರ ಮಠದ ಮಹೋತ್ಸವದಲ್ಲಿ ಕ್ರೈಸ್ತರ ಮಾತೇಕೆಂದು ಯಾರಾದರೂ ಶಂಕಿಸಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಘಟ್ಟದ ಕೆಳಗಿನಿಂದ ದುಡಿಮೆಗಾಗಿ ಹತ್ತಿ ಬಂದ ಅನೇಕ ಕ್ರೈಸ್ತ ಕುಟುಂಬಗಳು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ನೆಲೆನಿಂತಿವೆ. ೧೯೬೩ರಲ್ಲಿ ಚಿಕ್ಕಮಗಳೂರು ಕಥೋಲಿಕ ಸಭೆಯ ಪ್ರತ್ಯೇಕ ಧರ್ಮಪ್ರಾಂತವೇ ಆಯಿತು. ನೆರೆಯವನ ಮನೆಯ ದೀಪ ಯಾವ ಎಣ್ಣೆಯಿಂದ ಉರಿಯುತ್ತಿದೆಯೆಂದು ತಿಳಿದುಕೊಳ್ಳುವುದು ನೆರೆಹೊರೆಯ ಧರ್ಮ. ಎರಡನೆಯದಾಗಿ, ದುಃಖವನ್ನು ಆತ್ಮದ ಬೆಳೆಯಾಗಿ ಮಾರ್ಪಡಿಸಿಕೊಂಡವರಲ್ಲಿ ಭಾರತದ ಕ್ರೈಸ್ತರು ಮೊದಲ ಸಾಲಿನಲ್ಲಿ ಹೆಸರಿಸುವ ಪಂಡಿತೆ ರಮಾಬಾಯಿಯವರು ಹುಟ್ಟಿದ್ದು ಈ ಬೆಟ್ಟಗಳಲ್ಲಿಯೇ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡೇ ಅವರ ಜನ್ಮಸ್ಥಾನ. ಕಳಸದ ಮಗ್ಗುಲಲ್ಲಿ ಹರಿದು ಬಾಳೆಹೊನ್ನೂರಿಗೆ ಇಳಿಯುವ ಭದ್ರೆಯ ನೀರನ್ನು ಕುಡಿದವರಿಗೆ ಅವರು ಪರಕೀಯರಲ್ಲ.

ಮೊದಲು ತತ್ತ್ವವನ್ನು ನೋಡೋಣ. ಕ್ರೈಸ್ತರ ಸತ್ಯವೇದದಲ್ಲಿ ಯೋಬನೆಂಬ ಸಜ್ಜನನ ಕಥೆಯಿದೆ. ಆತನ ಸಂಪತ್ತು ಹೋಯಿತು, ಮಕ್ಕಳು ಸತ್ತರು, ಮೈಯೆಲ್ಲ ಹುಣ್ಣಾಯಿತು. ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಆತನೊಡನೆ ನೆಲದ ಮೇಲೆ ಕುಳಿತರು. ಅಷ್ಟರವರೆಗೆ ಅವರು ನಿಜವಾದ ಗೆಳೆಯರಾಗಿಯೇ ಇದ್ದರು. ತರುವಾಯ ಬಾಯಿತೆರೆದು, ನೀನು ಪಾಪ ಮಾಡಿರಲೇಬೇಕು, ಇಲ್ಲವಾದರೆ ಹೀಗಾಗುತ್ತಿರಲಿಲ್ಲ ಎಂದು ಶಾಸ್ತ್ರವನ್ನು ಹೇಳತೊಡಗಿದರು. ಕಥೆಯ ಕೊನೆಯಲ್ಲಿ ದೇವರು ಕೋಪಿಸಿದ್ದು ಗೋಳಾಡಿ ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಉತ್ತರ ಬಲ್ಲೆವೆಂದು ನುಡಿದ ಈ ಗೆಳೆಯರ ಮೇಲೆ. ಇದೇ ಅಭಿಪ್ರಾಯವು ಯೋಹಾನನ ಸುವಾರ್ತೆಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು, ಇದು ಇವನ ಪಾಪದ ಫಲವೋ ತಂದೆತಾಯಿಗಳ ಪಾಪದ ಫಲವೋ ಎಂದು ಕೇಳಿದಾಗ ಯೇಸುವು ಎರಡನ್ನೂ ಅಲ್ಲಗಳೆದು, ಆ ಕುರುಡನ ಕಣ್ಣು ತೆರೆಯುವ ಕೆಲಸಕ್ಕೆ ಕೈಹಾಕಿದನು. ಕಷ್ಟದ ಕಾರಣವನ್ನು ಹಿಂದೆ ಹುಡುಕುವುದಕ್ಕಿಂತ ಅದರಿಂದ ಮುಂದೆ ಏನಾಗಬೇಕೆಂಬುದರ ಕಡೆಗೆ ದೃಷ್ಟಿಯನ್ನು ತಿರುಗಿಸಿದುದೇ ಈ ಪ್ರಸಂಗದ ಸಾರ.

ಯೇಸುವಿನ ಶಿಷ್ಯಪರಂಪರೆಯ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಇದಕ್ಕೊಂದು ಸೋಪಾನವನ್ನು ಕಟ್ಟಿಕೊಟ್ಟಿದ್ದಾನೆ. ಕಷ್ಟವು ತಾಳ್ಮೆಯನ್ನೂ, ತಾಳ್ಮೆಯು ಪುಟಕ್ಕೆ ನಿಂತ ಶೀಲವನ್ನೂ, ಅಂಥ ಶೀಲವು ಭರವಸೆಯನ್ನೂ ಹುಟ್ಟಿಸುತ್ತದೆಂಬುದು ಆತನ ಅಭಿಪ್ರಾಯ. ಆದರೆ ಈ ಸೋಪಾನಕ್ಕೆ ಆಧಾರವಾದ ನೆಲಗಟ್ಟು ಶಿಲುಬೆ. ಶಿಲುಬೆಯ ಮೇಲೆ ನರಳಿದವನು ದೇವರ ಮಗನೇ ಎಂದು ನಂಬುವ ಕ್ರೈಸ್ತನಿಗೆ ದೇವರು ಮೇಲಿನಿಂದ ಕಷ್ಟವನ್ನು ಎಸೆಯುವವನಲ್ಲ; ಕಷ್ಟದೊಳಕ್ಕೆ ಇಳಿದು ಬಂದು ಜೊತೆಯಲ್ಲಿ ಹೊರುವವನು. ಆದುದರಿಂದ ನೊಂದವನು ತನ್ನ ನೋವಿನಲ್ಲಿ ದೇವರ ಹತ್ತಿರಕ್ಕೂ, ತನ್ನಂತೆಯೇ ನೊಂದ ಇತರರ ಹತ್ತಿರಕ್ಕೂ ಏಕಕಾಲದಲ್ಲಿ ಬರುತ್ತಾನೆ. ನೋವು ತನ್ನಷ್ಟಕ್ಕೆ ಪುಣ್ಯವಲ್ಲ. ಈ ಎರಡು ಸಾಮೀಪ್ಯಗಳೇ ಅದರ ಫಲ.

ಇನ್ನು ರಮಾಬಾಯಿಯವರ ಜೀವನವನ್ನು ನೋಡೋಣ. ಅವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಘಟ್ಟದ ಬುಡದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು, ದೊಡ್ಡ ವಿದ್ವಾಂಸರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಪೇಶ್ವೆಯ ಪತ್ನಿಯು ತಮ್ಮ ಗುರುಗಳಿಂದ ಸಂಸ್ಕೃತ ಪಾಠ ಹೇಳಿಸಿಕೊಳ್ಳುವುದನ್ನು ಕಂಡು, ತಾವೂ ತಮ್ಮ ಮನೆಯ ಹೆಂಗಸರಿಗೆ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದುದಕ್ಕಾಗಿ ಬಂಧುಬಳಗದ ವಿರೋಧ ಎದ್ದಿತು. ಸ್ತ್ರೀಗೆ ವಿದ್ಯೆ ನಿಷಿದ್ಧವಲ್ಲವೆಂದು ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಿಗಳು ಪ್ರಮಾಣ ಸಹಿತವಾಗಿ ವಾದಿಸಬೇಕಾಯಿತು. ಕಡೆಗೆ ಅವರು ಗಂಗಾಮೂಲದ ಕಾಡಿನಲ್ಲಿ ಮನೆಕಟ್ಟಿಕೊಂಡು, ವಿದ್ಯಾರ್ಥಿಗಳಿಗೆ ಅನ್ನವಿಟ್ಟು ಪಾಠ ಹೇಳುತ್ತ ನೆಲಸಿದರು. ಈ ಗುಡ್ಡಗಳ ಇಳಿಜಾರುಗಳಲ್ಲಿ ಕಾಫಿಯ ಬೇಸಾಯ ಹರಡುತ್ತಿದ್ದ ಕಾಲವದು. ೧೮೫೮ರ ಏಪ್ರಿಲಿನಲ್ಲಿ ಅಲ್ಲಿ ರಮಾಬಾಯಿಯವರು ಹುಟ್ಟಿದರು.

ಅತಿಥಿ ಸತ್ಕಾರದಿಂದಲೂ ದಾನದಿಂದಲೂ ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳು ತುಂಬುವುದರೊಳಗೆ ಸಂಸಾರವು ಮನೆಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಗೆ ಇಳಿಸಿದರು. ಆ ಮೇಲೆ ಹದಿನೈದು ವರ್ಷಗಳಿಗೂ ಮಿಕ್ಕಿ ದೇವಾಲಯಗಳ ಜಗಲಿಯೇ ಅವರ ಮನೆ, ಪುರಾಣಪಠನವೇ ಜೀವನೋಪಾಯ. ತಾಯಿಯೇ ಮಗಳಿಗೆ ಪಾಠ ಹೇಳಿದರು. ಭಾಗವತದ ಸಾವಿರಾರು ಶ್ಲೋಕಗಳು ಬಾಲ್ಯದಲ್ಲಿಯೇ ಆಕೆಗೆ ಕಂಠಸ್ಥವಾದವು. ಮರಾಠಿಯೊಡನೆ ಕನ್ನಡವೂ ಆಕೆಗೆ ಬರುತ್ತಿತ್ತು.

ಆಗ ಮದರಾಸು ಪ್ರಾಂತದಲ್ಲಿ ಕ್ಷಾಮ ಬಂದಿತು. ಸಂಸಾರವು ಇದ್ದಬದ್ದ ಹಣವನ್ನು ದೇವರ ಕೃಪೆಗಾಗಿ ದಾನಕ್ಕೂ ಕ್ಷೇತ್ರಗಳಿಗೂ ವ್ಯಯಮಾಡಿತು. ಬಳಿಕ ಒಡವೆಗಳನ್ನೂ ಪಾತ್ರೆಗಳನ್ನೂ ಮಾರಿತು. ಪುರಾಣಿಕರು ಕೂಲಿಗೆ ಹೋಗಕೂಡದು, ಭಿಕ್ಷೆಗೂ ಕೈಯೊಡ್ಡಕೂಡದೆಂಬ ಅಭಿಮಾನವು ಅವರನ್ನು ಕಟ್ಟಿಹಾಕಿತ್ತು. ಕಡೆಗೆ ಕಾಡನ್ನು ಹೊಕ್ಕು ಹನ್ನೊಂದು ದಿನ ಸೊಪ್ಪುಸದೆಗಳನ್ನು ತಿಂದು ಜೀವ ಹಿಡಿದರು. ಎಪ್ಪತ್ತೆಂಟರ ಮುದುಕರಾದ ಶಾಸ್ತ್ರಿಗಳು ಜಲಸಮಾಧಿಗೆ ಸಿದ್ಧರಾಗಿ, ಕಿರಿಯ ಮಗಳನ್ನು ಅಪ್ಪಿಕೊಂಡು, ದೇವರ ಸೇವೆಯನ್ನು ಬಿಡಬೇಡವೆಂದು ಹೇಳಿದರು. ಮಗ ಶ್ರೀನಿವಾಸನು, ಜಾತಿಯ ಬಿಂಕವನ್ನು ಬಿಟ್ಟು ಕೂಲಿಮಾಡಿಯಾದರೂ ಸಾಕುವೆನೆಂದು ಅವರನ್ನು ತಡೆದನು. ಆದರೆ ಕಾಲ ಮಿಂಚಿತ್ತು. ೧೮೭೪ರಲ್ಲಿ ತಂದೆ ತೀರಿಕೊಂಡರು, ಒಂದೆರಡು ತಿಂಗಳೊಳಗೆ ತಾಯಿ, ಬಳಿಕ ಅಕ್ಕ. ತಾಯಿಯ ಶವವನ್ನು ಹೊರಲು ಸಾಕಷ್ಟು ಜನ ಬರಲಿಲ್ಲ. ಹದಿನಾರರ ಹರೆಯದ ಮಗಳೇ ಚಟ್ಟಕ್ಕೆ ಆಸರೆಯಾಗಬೇಕಾಯಿತು. ಎತ್ತರ ಸಾಲದುದರಿಂದ ಹೆಗಲ ಬದಲು ತಲೆಯ ಮೇಲೆ ಹೊತ್ತಳು.

ಅಣ್ಣತಂಗಿಯರಿಬ್ಬರೂ ಬರಿಗಾಲಿನಲ್ಲಿ ಉತ್ತರ ದೇಶವನ್ನೆಲ್ಲ ಅಲೆದರು. ಚಳಿಗೆ ಹೊದೆಯಲು ಬಟ್ಟೆಯಿಲ್ಲದೆ ಝೇಲಂ ನದಿಯ ದಂಡೆಯಲ್ಲಿ ಗುಂಡಿ ತೋಡಿ, ಮರಳನ್ನೇ ಮೈಮೇಲೆ ಎಳೆದುಕೊಂಡು ರಾತ್ರಿ ಕಳೆದರು. ೧೮೭೮ರಲ್ಲಿ ಕಲಕತ್ತೆಯನ್ನು ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯವನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಬಿರುದು ಬಂದಿತು, ಬಾಳು ನಿಲ್ಲಲಿಲ್ಲ. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಆಕೆ ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಕೈಹಿಡಿದರು. ಕಲ್ಯಾಣದ ಶರಣರ ಕಥೆಯನ್ನು ಬಲ್ಲವರಿಗೆ ಅಂಥ ವಿವಾಹದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷ ತುಂಬುವ ಮೊದಲೇ, ೧೮೮೨ರ ಫೆಬ್ರವರಿಯಲ್ಲಿ, ವಾಂತಿಭೇದಿಯು ಪತಿಯನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆಯ ಕೈಯಲ್ಲಿ ಮನೋರಮೆಯೆಂಬ ಹಸುಗೂಸು ಉಳಿಯಿತು.

ಇಷ್ಟೆಲ್ಲ ಕಷ್ಟವು ಆ ವೇಳೆಗೆ ಆಕೆಯ ಆತ್ಮವನ್ನು ಬೆಳೆಸಿತ್ತೇ? ಬೆಳೆಸಿತ್ತೆಂದು ಹೇಳಲಾಗದು. ಗಟ್ಟಿಗೊಳಿಸಿತ್ತು, ನಿಜ, ಆದರೆ ಒಳಗೆ ಬರಿದುಮಾಡಿತ್ತು. ತಂದೆತಾಯಿಗಳು ಮಾಡಿದ ದಾನವೂ ವ್ರತವೂ ತೀರ್ಥಸ್ನಾನವೂ ಅವರನ್ನು ಹಸಿವಿನಿಂದ ಉಳಿಸಲಿಲ್ಲವೆಂಬ ವಿಚಾರದಿಂದ ಆಕೆಯ ಹಳೆಯ ನಂಬಿಕೆಯು ಕುಸಿದಿತ್ತು. ಇಲ್ಲಿ ಕಾಫಿ ಬೆಳೆಗಾರರು ಬಲ್ಲ ಒಂದು ಸಂಗತಿಯನ್ನು ನೆನೆಯಬಹುದು. ಮಳೆಗಾಲ ಮುಗಿದ ಮೇಲೆ ಗಿಡವು ತಿಂಗಳುಗಟ್ಟಲೆ ಒಣಹವೆಯನ್ನು ಕಾಣಬೇಕು. ಆ ಬಾಯಾರಿಕೆಯಿಲ್ಲದಿದ್ದರೆ ಮೊಗ್ಗುಗಳು ಒಟ್ಟಾಗಿ ಅರಳದೆ ಅಲ್ಲೊಂದು ಇಲ್ಲೊಂದಾಗಿ ಚೆದರಿಹೋಗುತ್ತವೆ. ಆದರೆ ಒಣಹವೆಯೇ ಹೂವನ್ನು ಅರಳಿಸುವುದಿಲ್ಲ. ಫಾಲ್ಗುಣ ಚೈತ್ರಗಳಲ್ಲಿ ಹೂಮಳೆ ಬೀಳಬೇಕು. ಬಿದ್ದ ಎಂಟುಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಳೆ ತಡೆದರೆ ಅದೇ ಮೊಗ್ಗು ಗಿಡದಲ್ಲಿಯೇ ಕರಗುತ್ತದೆ. ಬರವೆಂಬುದು ಮೊಗ್ಗಿನ ಸಿದ್ಧತೆ ಮಾತ್ರ. ಅರಳಿಸುವ ಶಕ್ತಿಯು ಮೇಲಿನಿಂದ ಬರತಕ್ಕದ್ದು. ಕಷ್ಟವನ್ನೇ ಕೊಂಡಾಡುವವರು ಈ ಭೇದವನ್ನು ಮರೆಯುತ್ತಾರೆ. ಅದೇ ಕ್ಷಾಮದಲ್ಲಿ ನವೆದವರೆಷ್ಟೋ ಮಂದಿ ಕಲ್ಲಾದರು. ಎಷ್ಟೋ ಮಂದಿ ಗುರುತಿಲ್ಲದೆ ಹೋದರು.

ಆಕೆಗೆ ಆ ಹೂಮಳೆ ಬಂದುದು ದೂರದ ನೆಲದಲ್ಲಿ. ವೈದ್ಯವಿದ್ಯೆಯನ್ನು ಕಲಿತು ಸ್ವದೇಶದ ಸ್ತ್ರೀಯರಿಗೆ ನೆರವಾಗಬೇಕೆಂದು ೧೮೮೩ರಲ್ಲಿ ಮಗುವಿನೊಡನೆ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿ ನಿಂತರು. ಕಿವಿಗಳು ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಬಾಗಿಲು ಮುಚ್ಚಿತು. ಜೊತೆಗೆ ಬಂದಿದ್ದ ಗೆಳತಿಯು ಅಲ್ಲಿಯೇ ದುರ್ಮರಣಕ್ಕೀಡಾದಳು. ಈ ಅಂಧಕಾರದ ನಡುವೆ ಆ ಸಂನ್ಯಾಸಿನಿಯರು ಲಂಡನ್ನಿನ ಫುಲಹ್ಯಾಮಿನಲ್ಲಿ ನಡೆಸುತ್ತಿದ್ದ ಒಂದು ಮನೆಯನ್ನು ಆಕೆ ನೋಡಿದರು. ಶೀಲಗೆಟ್ಟವರೆಂದು ಲೋಕವು ಹೊರಗೆ ತಳ್ಳಿದ ಹೆಂಗಸರನ್ನು ಅಲ್ಲಿ ಅಕ್ಕತಂಗಿಯರಂತೆ ಸಾಕುತ್ತಿದ್ದರು. ಇದಕ್ಕೆ ಕಾರಣವೇನೆಂದು ಕೇಳಿದಾಗ, ಬಾವಿಯ ಬಳಿ ಯೇಸುವು ಸಮಾರ್ಯದ ತಿರಸ್ಕೃತ ಸ್ತ್ರೀಯೊಡನೆ ಮಾತಾಡಿದ ಕಥೆಯನ್ನು ಅವರು ಹೇಳಿದರು. ಅದೇ ವರ್ಷದ ಸೆಪ್ಟೆಂಬರ್ ೨೯ರಂದು ಆಕೆ ದೀಕ್ಷಾಸ್ನಾನ ಪಡೆದರು.

ಆದರೆ ಆಕೆ ಕಣ್ಣುಮುಚ್ಚಿ ನಡೆದವರಲ್ಲ. ಗುರುಸ್ಥಾನದಲ್ಲಿದ್ದ ಸಂನ್ಯಾಸಿನಿಯರೊಡನೆ ಸಿದ್ಧಾಂತಗಳನ್ನು ಕುರಿತು ಪತ್ರಗಳಲ್ಲಿ ತೀವ್ರವಾಗಿ ವಾದಿಸಿದರು, ಮಾಂಸವನ್ನು ಮುಟ್ಟಲಿಲ್ಲ, ತನ್ನ ಅಂತಃಸಾಕ್ಷಿಯನ್ನು ಯಾವ ಅಧಿಕಾರಕ್ಕೂ ಒಪ್ಪಿಸಲಿಲ್ಲ. ಮತವು ದೊರೆತರೂ ಮತದೊಳಗಿನ ಸ್ವಾಮಿಯು ದೊರೆತದ್ದು ದೀಕ್ಷೆಯಾಗಿ ಎಂಟು ವರ್ಷ ಕಳೆದ ಮೇಲೆ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಪುಣ್ಯವನ್ನು ಕೂಡಿಹಾಕಿ ದೇವರನ್ನು ಒಲಿಸಬೇಕೆಂಬ ಚಿಂತೆಯು ಆಗ ಬಿದ್ದುಹೋಯಿತು. ಕೃಪೆಯು ಕೊಳ್ಳತಕ್ಕದ್ದಲ್ಲ, ಕೈಯೊಡ್ಡತಕ್ಕದ್ದೆಂದು ತಿಳಿಯಿತು. ಬಂದುದನ್ನು ಪ್ರಸಾದವೆಂದು ಕೈಕೊಳ್ಳುವ ಶರಣಮಾರ್ಗಕ್ಕೆ ಈ ಭಾವವು ದೂರದ್ದಲ್ಲ. ಎರಡು ಮಾರ್ಗಗಳ ಸಿದ್ಧಾಂತಗಳು ಬೇರೆ, ದೀಕ್ಷೆ ಬೇರೆ. ಆ ಭೇದವನ್ನು ಅಳಿಸಬೇಕಾಗಿಲ್ಲ. ಬೊಗಸೆಯೊಡ್ಡುವ ರೀತಿಯು ಮಾತ್ರ ಒಂದೇ.

೧೮೮೯ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು; ಮರುವರ್ಷ ಅದು ಪುಣೆಗೆ ಬಂದಿತು. ೧೮೯೩ರಲ್ಲಿ ಅಲ್ಲಿಯ ಕೆಲವು ಹೆಣ್ಣುಮಕ್ಕಳು ಕ್ರೈಸ್ತಮತದತ್ತ ಒಲಿದಾಗ ದೊಡ್ಡ ಕೋಲಾಹಲವೆದ್ದಿತು. ರಾನಡೆ, ಭಂಡಾರಕರ್ ಮೊದಲಾದ ಹಿರಿಯರು ಸಲಹಾಮಂಡಲಿಯಿಂದ ಹೊರನಡೆದರು. ಅನೇಕರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಅವರ ಆಕ್ಷೇಪಣೆಯು ನಿರಾಧಾರವೆಂದು ಹೇಳಲಾಗದು. ಮತನಿರಪೇಕ್ಷವಾದ ಸಂಸ್ಥೆಯೆಂದು ನಂಬಿ ಅವರು ಬೆಂಬಲವಿತ್ತಿದ್ದರು. ಆದರೆ ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಭಾಗವತವನ್ನು ಬಾಯಲ್ಲಿಟ್ಟುಕೊಂಡು ದೇವಾಲಯದಿಂದ ದೇವಾಲಯಕ್ಕೆ ಅಲೆದ ಬಾಲೆಗೆ, ಹಸಿದು ಸತ್ತ ತಾಯಿಯ ಚಟ್ಟಕ್ಕೆ ತಲೆಗೊಟ್ಟ ಮಗಳಿಗೆ, ಆಗ ಯಾವ ಛತ್ರದ ಬಾಗಿಲು ತೆರೆಯಿತು? ಆಕೆ ಹೊರಟುಹೋದಳೆಂದು ಕೊರಗುವವರು ಈ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕು.

ಆಕೆಯ ದುಃಖದ ನಿಜವಾದ ಫಲವು ಕಂಡುಬಂದುದು ೧೮೯೬-೯೭ರ ಕ್ಷಾಮದಲ್ಲಿ. ಮಧ್ಯಪ್ರಾಂತಗಳಲ್ಲಿ ಜನರು ಹಸಿವಿನಿಂದ ಸಾಯುತ್ತಿದ್ದಾರೆಂಬ ಸುದ್ದಿ ಬಂದಾಗ, ಇಪ್ಪತ್ತು ವರ್ಷಗಳ ಹಿಂದಿನ ತನ್ನ ಹಸಿವು ಆಕೆಯೊಳಗೆ ಎದ್ದು ನಿಂತಿತು. ತಾನೇ ಅಲ್ಲಿಗೆ ಹೋದರು. ಹಸಿದ ಹುಡುಗಿಯ ಮುಖವನ್ನು ಕಂಡಾಗ ಆಕೆಗೆ ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅಂಥ ಹೆಣ್ಣುಮಕ್ಕಳು ದುಷ್ಟರ ಕೈಗೆ ಹೇಗೆ ಬೀಳುತ್ತಾರೆಂಬುದೂ ತಿಳಿದಿತ್ತು. ನೂರಾರು ಮಂದಿಯನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿಯಲ್ಲಿ ನೆಲೆಗೊಳಿಸಿದರು, ಅದೇ ಮುಕ್ತಿಸದನ. ೧೯೦೦ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿಯವರ ಸಂಖ್ಯೆಯು ಸಾವಿರವನ್ನು ದಾಟಿತು. ಅಲ್ಲಿ ಬಾವಿಗಳನ್ನು ತೋಡಿಸಿದರು, ಹೊಲಗಳನ್ನು ಉಳಿಸಿದರು. ನೇಯ್ಗೆ, ಎಣ್ಣೆಗಾಣ, ಅಚ್ಚುಕೂಟಗಳನ್ನು ಹೆಣ್ಣುಮಕ್ಕಳ ಕೈಯಿಂದಲೇ ನಡೆಸಿದರು. ಫುಲಹ್ಯಾಮಿನಲ್ಲಿ ಕಂಡುದು ಕೃಪಾಸದನವೆಂಬ ಹೆಸರಿನಲ್ಲಿ ಮೈದಾಳಿತು. ಕುರುಡರಿಗೆ ಬೆರಳಿನಿಂದ ಓದುವ ಲಿಪಿಯನ್ನು ಕಲಿಸಿದರು. ಇವರು ಕುರುಡರಾದುದು ಯಾರ ಪಾಪದಿಂದ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಪೌಲನು ಹೇಳಿದ ತಾಳ್ಮೆಯು ಕೈಕಟ್ಟಿ ಕುಳಿತಿರುವ ತಾಳ್ಮೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ. ಕಿವುಡು ಹೆಚ್ಚುತ್ತಿದ್ದ ವಯಸ್ಸಿನಲ್ಲಿ ಆಕೆ ಹೀಬ್ರೂ, ಗ್ರೀಕ್ ಭಾಷೆಗಳಿಂದ ಬೈಬಲನ್ನು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುವ ಕಾರ್ಯವನ್ನು ಹಿಡಿದರು. ಸದನದ ಹೆಣ್ಣುಮಕ್ಕಳೇ ಮೊಳೆಗಳನ್ನು ಜೋಡಿಸಿದರು. ೧೯೧೨ರ ಸುಮಾರಿಗೆ, ಆಗ ನಿಜಾಮರ ರಾಜ್ಯದಲ್ಲಿದ್ದ ಕನ್ನಡನಾಡಿನ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆಯಿಸಿ ಅದನ್ನು ಮನೋರಮೆಯ ಕೈಗೆ ಒಪ್ಪಿಸಿದರು. ತನ್ನ ತರುವಾಯ ಎಲ್ಲವನ್ನೂ ನಡೆಸಬೇಕಾಗಿದ್ದ ಆ ಮಗಳು ೧೯೨೧ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡಳು. ಬಾಳಿನ ಕಡೆಯ ಪೆಟ್ಟೂ ಹೀಗೆ ಬಂದಿತು. ಅದನ್ನೂ ಹೊತ್ತು, ಅನುವಾದದ ಕೆಲಸವನ್ನು ಪೂರೈಸಿ, ೧೯೨೨ರ ಏಪ್ರಿಲ್ ೫ರಂದು ಆಕೆ ದೇಹವನ್ನು ಬಿಟ್ಟರು.

ಈ ಚರಿತ್ರೆಯಿಂದ ಹೊರಡುವ ಸಾರವಿಷ್ಟೇ. ದುಃಖವು ತಾನಾಗಿಯೇ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ತಾನುಂಡ ನೋವು ಪರರ ನೋವನ್ನು ಗುರುತಿಸುವ ಕಣ್ಣಾಗಿ, ಅದನ್ನು ನೀಗುವ ಕೈಯಾಗಿ ಪರಿಣಮಿಸಿದಾಗ ಮಾತ್ರ ಅದು ಆತ್ಮದ ಬೆಳೆಯೆನಿಸುತ್ತದೆ. ಆದುದರಿಂದಲೇ ಒಂದು ಎಚ್ಚರಿಕೆಯೂ ಅವಶ್ಯ. ಕಷ್ಟವು ನನ್ನನ್ನು ಬೆಳೆಸಿತೆಂದು ಹೇಳುವ ಅಧಿಕಾರ ಕಷ್ಟಪಟ್ಟವರಿಗೆ ಮಾತ್ರ ಉಂಟು. ನಿನ್ನ ಕಷ್ಟವು ನಿನ್ನನ್ನು ಬೆಳೆಸುತ್ತದೆ, ತಾಳಿಕೋ ಎಂದು ಹೊಟ್ಟೆತುಂಬಿದವನು ಹಸಿದವನಿಗೆ ಹೇಳಿದರೆ ಅದು ಉಪದೇಶವಲ್ಲ, ಯೋಬನ ಗೆಳೆಯರ ಮಾತು. ತೋಟದ ಸಾಲುಮನೆಯಲ್ಲಿ ಜ್ವರದಿಂದ ಮಲಗಿದ ಆಳಿಗೂ, ಗಂಡನನ್ನು ಕಳೆದುಕೊಂಡ ನೆರೆಮನೆಯ ಹೆಣ್ಣುಮಗಳಿಗೂ, ಬೆಳೆ ಕೈಕೊಟ್ಟು ಸಾಲದಲ್ಲಿ ಬಿದ್ದ ಒಕ್ಕಲಿಗನಿಗೂ ಮೊದಲು ಸಲ್ಲತಕ್ಕದ್ದು ಅನ್ನ, ಔಷಧ, ಆಸರೆ. ತತ್ತ್ವವು ಆ ಮೇಲಿನದು.

ಶರಣಬಂಧುಗಳೇ, ದಾಸೋಹವೆಂಬ ಮಾತನ್ನು ಕೇಳದ ಕಿವಿ ಈ ಸಭೆಯಲ್ಲಿ ಇರಲಾರದು. ಮಠದ ಒಲೆಯು ಹೊತ್ತುಹೊತ್ತಿಗೆ ಉರಿಯುವುದು ಅದಕ್ಕಾಗಿಯೇ. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದುಹೋದ ಕೂಸು ಬೇರೊಂದು ಮತದ ಆಶ್ರಯದಲ್ಲಿ ನಿಂತು ಸಾವಿರ ಜನಕ್ಕೆ ಅನ್ನವಿಟ್ಟಿತೆಂಬುದು ಈ ಮಲೆನಾಡಿಗೆ ಅಭಿಮಾನದ ವಿಷಯವೂ ಹೌದು, ಆತ್ಮಪರೀಕ್ಷೆಯ ವಿಷಯವೂ ಹೌದು. ಈ ಮಹೋತ್ಸವವು ಮುಗಿದು ಚಪ್ಪರವನ್ನು ಕಳಚಿದ ಮೇಲೆಯೂ, ಹಸಿದು ಬಂದವರ ಕುಲವನ್ನೂ ಮತವನ್ನೂ ಅವರ ಕಷ್ಟದ ಕಾರಣವನ್ನೂ ಕೇಳದೆ ಎಲೆಹಾಕುವ ಮನಸ್ಸು ಇಲ್ಲಿಯ ಭಕ್ತರಿಗೂ ಶಿಷ್ಯರಿಗೂ ಸ್ಥಿರವಾಗಿರಲಿ. ಶ್ರೀಗುರುವು ಅದನ್ನು ಅನುಗ್ರಹಿಸಲಿ.